ದೊಡ್ಡಂಗಡಿಯ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ನಮ್ಮ ಮಾವನ ಚಪ್ಪಲಿ ಅಂಗಡಿ ಎಷ್ಟು ಚಿಕ್ಕದೆಂದರೆ, ಒಬ್ಬ ಗಿರಾಕಿ ಒಳಗೆ ಬಂದರೆ ಮಾವ ಹೊರಗೆ ಹೋಗಿ ನಿಲ್ಲಬೇಕು. ಗಂಡ ಹೆಂಡತಿ ಜೊತೆಯಾಗಿ ಬಂದರೆ ಇಬ್ಬರಲ್ಲಿ ಒಬ್ಬರು ಒಂಟಿಕಾಲಲ್ಲಿ ನಿಲ್ಲಬೇಕು. ಅಂಥ ಅಂಗಡಿಯ ಎದುರಿಗೆ, ರಸ್ತೆಯ ಆ ಬದಿಯಲ್ಲಿ, ದೊಡ್ಡಂಗಡಿ ಎದ್ದು ನಿಂತಿತು.

ಅಜ್ಜಿ ಹೇಳುವ ಕಥೆಗಳಲ್ಲಿ ರಾಕ್ಷಸ ಒಂದೇ ರಾತ್ರಿಯಲ್ಲಿ ಅರಮನೆ ಕಟ್ಟಿಬಿಡುತ್ತಾನೆ. ಇದನ್ನು ಕಟ್ಟಲು ವರ್ಷ ಹಿಡಿಯಿತು. ಈಗ ರಾಕ್ಷಸನಿಗೂ ಪರವಾನಗಿ ಬೇಕಲ್ಲ! ಆದರೆ ಕಟ್ಟಿ ಮುಗಿದ ಮೇಲೆ ಅದರ ಮುಂದೆ ನಿಂತು ನಾನು ಬಾಯಿ ಮುಚ್ಚುವುದನ್ನು ಮರೆತೆ. ಒಂದು ಬೀದಿಯಷ್ಟು ಉದ್ದದ ಗಾಜು. ಆ ಗಾಜಿನಲ್ಲಿ ಆಕಾಶ, ಆಕಾಶದಲ್ಲಿ ಮೋಡ, ಮೋಡದ ಕೆಳಗೆ ನಮ್ಮ ಮಾವನ ಅಂಗಡಿ, ಒಂದು ಬೆಂಕಿಪೊಟ್ಟಣದ ಹಾಗೆ. ಒಳಗೆ ಸೂಜಿಯಿಂದ ಹಿಡಿದು ಶಯ್ಯೆಯವರೆಗೆ ಎಲ್ಲವೂ ಸಿಗುತ್ತದೆಯಂತೆ. ಚಪ್ಪಲಿಗಳಿಗೇ ಒಂದು ಓಣಿ ಇದೆಯಂತೆ.

"ಓಣಿಯಂತೆ!" ಎಂದಳು ಅತ್ತೆ, ಮಾವನ ತಟ್ಟೆಗೆ ಸೌಟನ್ನು ಕುಕ್ಕುತ್ತ. "ನಿಮ್ಮ ಹತ್ರ ಇರೋದು ಒಂದು ಗೂಡು. ಈ ತಿಂಗಳು ನೋಡ್ತೀನಿ. ವ್ಯಾಪಾರ ಆಗ್ಲಿಲ್ಲ ಅಂದ್ರೆ ಅಂಗಡಿಗೆ ಬೀಗ ಹಾಕಿ ಅಣ್ಣನ ಗಿರಣಿಗೆ ಹೊರಡಿ. ಹೇಳಿದೀನಿ ನಾನು."

ಅತ್ತೆಯ ಅಣ್ಣನಿಗೆ ಪಕ್ಕದ ಊರಿನಲ್ಲಿ ಹಿಟ್ಟಿನ ಗಿರಣಿ. ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಅವನು ಗಿರಣಿ ಭಾವ. ರೆಪ್ಪೆಗೂದಲಿನ ಮೇಲೂ ಹಿಟ್ಟು ಕೂತಿರುವ ಆ ಮನುಷ್ಯ ಅಳೆದು ಸುರಿದು ಮಾತಾಡುವವನಲ್ಲ. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ, ಪಿಸುಮಾತನ್ನೂ ಮೂರು ಮನೆಗೆ ಕೇಳುವ ಹಾಗೆ ಆಡುತ್ತಾನೆ. ಅವನ ಕೈಕೆಳಗೆ ಕೂರುವುದೆಂದರೆ ಮಾವನಿಗೆ ಜೀವ ಹಿಂಡಿದಂತೆ. ಮಾವನಿಗೆ ಚಪ್ಪಲಿ ಎಂದರೆ ಪ್ರಾಣ. ಗಿರಾಕಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, "ಇದು ನಿಮಗೆ ಒಪ್ಪಲ್ಲ, ಕಿರುಬೆರಳು ನೋಯುತ್ತೆ, ತಗೋಬೇಡಿ" ಎಂದು ಕೈಯಾರೆ ವ್ಯಾಪಾರ ಕೆಡಿಸಿಕೊಳ್ಳುವುದರಲ್ಲಿ ಅವನಿಗಿರುವ ಸುಖ ಅರಸನಿಗೂ ಇರಲಾರದು.

ಇನ್ನೊಂದು ಮಾತು ಹೇಳಬೇಕು. ಮಾವನಿಗೆ ಸಂಕೋಚದ ಕಾಯಿಲೆ. ಬಾಗಿಲಿಗೆ ಭುಜ ತಗಲಿದರೆ ಬಾಗಿಲಿನ ಕ್ಷಮೆ ಕೇಳುತ್ತಾನೆ. ಮುಂದಿನದೆಲ್ಲ ನಡೆದದ್ದು ಈ ಕಾಯಿಲೆಯಿಂದ.

ದೊಡ್ಡಂಗಡಿ ತೆರೆಯುವ ದಿನ ಊರಿಗೆ ಊರೇ ಬಂದು ಸೇರಿತ್ತು. ಗಾಜಿನ ಬಾಗಿಲಿನ ಮುಂದೆ ನೂರಾರು ಜನ. ಆದರೆ ಒಬ್ಬರೂ ಒಳಗೆ ಹೋಗುತ್ತಿಲ್ಲ. "ನೀವು ಮೊದಲು", "ಛೆ, ಛೆ, ನೀವು ಹಿರಿಯರು", "ನನಗೇನವಸರ, ನಾನು ಸುಮ್ನೆ ನೋಡೋಕೆ ಬಂದೆ." ಅಷ್ಟು ದೊಡ್ಡದರೊಳಕ್ಕೆ ಮೊದಲ ಕಾಲು ಇಡುವ ಎದೆ ಯಾರಿಗೂ ಇಲ್ಲ. ಹಿಂದೆ ಸರಿದು ಸರಿದು ಗುಂಪು ರಸ್ತೆ ದಾಟಿ ನಮ್ಮ ಅಂಗಡಿಗೆ ಬೆನ್ನು ಕೊಟ್ಟು ನಿಂತಿತು. ಮಾವ ಒಳಗೆ ಸಿಕ್ಕಿಹಾಕಿಕೊಂಡ.

"ಸ್ವಲ್ಪ ಪಕ್ಕಕ್ಕೆ ನಿಲ್ಲಿ ಅಂತ ಕೇಳೋಣ, ಬಾ" ಎಂದು ನನ್ನನ್ನೂ ಕರೆದುಕೊಂಡು ಹೊರಟ.

"ಒಂಚೂರು ದಾರಿ..." ಎಂದ. ಅಷ್ಟೇ. ಇವನಾದರೂ ಒಬ್ಬ ಹೋಗುತ್ತಿದ್ದಾನಲ್ಲ ಎಂದು ಜನ ಎರಡಾಗಿ ಸೀಳಿಕೊಂಡು ದಾರಿ ಬಿಟ್ಟರು. ದಾರಿ ಬಿಟ್ಟ ಮೇಲೆ ನಡೆಯದಿದ್ದರೆ ಅವರಿಗೆ ಬೇಜಾರಾಗುವುದಿಲ್ಲವೇ? ಮಾವ ನಡೆದ. ದಾರಿ ಮುಗಿದಲ್ಲಿ ಗಾಜಿನ ಬಾಗಿಲು. ಮಾವ ಅದರೆದುರು ನಿಂತು, "ಇಲ್ಲ, ನಾನು ಅದಕ್ಕಲ್ಲ ಬಂದಿದ್ದು..." ಎಂದು ಇನ್ನೂ ಹೇಳುತ್ತಿರುವಾಗಲೇ, ಯಾವ ಮಂತ್ರವನ್ನೂ ಹೇಳದೆ, ಯಾರೂ ಮುಟ್ಟದೆ, ಬಾಗಿಲು ತಾನಾಗಿ ಎರಡು ಪಾಲಾಗಿ ತೆರೆದುಕೊಂಡಿತು. ಒಳಗಿನ ತಂಪು ನಮ್ಮ ಮುಖಕ್ಕೆ ಬಂತು. ನನ್ನ ಮೈ ಝುಂ ಎಂದಿತು. ನೆಲ ನೆಲದಂತಿರಲಿಲ್ಲ, ನೀರಿನಂತಿತ್ತು. ಮೇಲಿನ ದೀಪಗಳೆಲ್ಲ ಅದರೊಳಗೆ ಮುಳುಗಿ ಉರಿಯುತ್ತಿದ್ದವು.

ಮಾವ ಒಂದು ಕ್ಷಣ ನೆಲ ನೋಡಿದ. ಆಮೇಲೆ ಚಪ್ಪಲಿ ಬಿಚ್ಚಿ, ಜೋಡಿಸಿ ಗೋಡೆಯ ಬದಿಗಿಟ್ಟು, ಬರಿಗಾಲಲ್ಲಿ ಒಳಗೆ ಹೋದ. ನಾನೂ ಬಿಚ್ಚಿದೆ. ನನ್ನ ಹಿಂದಿನವರು ಬಿಚ್ಚಿದರು. ಅವರ ಹಿಂದಿನವರು, "ಬಿಚ್ಚಬೇಕಂತೆ" ಎಂದರು. ಅವರ ಹಿಂದಿನವರು, "ಬಿಚ್ಚದಿದ್ರೆ ಒಳಗೆ ಬಿಡಲ್ವಂತೆ" ಎಂದರು. ರಸ್ತೆಯಾಚೆ ಸುದ್ದಿ ಮುಟ್ಟುವ ಹೊತ್ತಿಗೆ, ಬಿಚ್ಚದ ಒಬ್ಬನನ್ನು ಹೊರಗೆ ಹಾಕಿಯೂ ಆಗಿತ್ತು.

ದೊಡ್ಡಂಗಡಿಯ ಮ್ಯಾನೇಜರು ಹೊರಗಿನವರು. ಹೊಸ ಊರಿಗೆ ಹೋದಾಗ ಅಲ್ಲಿನವರ ನಡವಳಿಕೆಗೆ ಅಡ್ಡ ಬರಬೇಡಿ ಎಂದು ಅವರಿಗೆ ಮೇಲಿನಿಂದ ಹೇಳಿ ಕಳಿಸಿದ್ದರಂತೆ. ನಗುಮುಖ ಹೊತ್ತು ಬಾಗಿಲಿಗೆ ಓಡಿ ಬಂದವರು ನೋಡಿದ್ದು ಏನು? ನೂರಾರು ಜನ, ಬರಿಗಾಲು, ತಗ್ಗಿಸಿದ ದನಿ. ಪಾಪ, ಅವರ ಕಣ್ಣು ತುಂಬಿ ಬಂತು. "ಎಂಥಾ ಜನ!" ಎಂದು ಪಕ್ಕದವರಿಗೆ ಹೇಳಿ, ತಾವೂ ಬೂಟು ಕಳಚಿದರು. ಸಂಜೆಯೊಳಗೆ ಬಾಗಿಲ ಬಳಿ ಉದ್ದನೆಯ ಗೂಡು ಬಂತು, ಅದರ ಮೇಲೊಂದು ಬೋರ್ಡು: 'ಪಾದರಕ್ಷೆಗಳನ್ನು ಇಲ್ಲಿಡಿ.' ಊರಿನ ಮಾತಿಗೆ ಮಣಿದು ಅವರು ಬೋರ್ಡು ಹಾಕಿದರು. ಅವರ ಬೋರ್ಡಿಗೆ ಮಣಿದು ಊರು ಚಪ್ಪಲಿ ಬಿಚ್ಚಿತು. ಊರಿನ ನಿಯಮ ಎಂದು ಅವರೂ, ಅಂಗಡಿಯ ನಿಯಮ ಎಂದು ಊರೂ, ಒಬ್ಬರನ್ನೊಬ್ಬರು ಗೌರವಿಸುತ್ತ ಬದುಕಿದರು.

ಮಾವ ಮಾತ್ರ ಮನೆಗೆ ಬಂದು ಮೂಲೆ ಹಿಡಿದು ಕೂತ. "ಇದೆಲ್ಲ ನನ್ನಿಂದ ಆಯ್ತೇನೋ" ಎಂದ.

"ನಿಮ್ಮಿಂದ ಏನಾದ್ರೂ ಆಗೋ ಹಾಗಿದ್ರೆ ನಾನ್ಯಾಕೆ ಹೀಗಿರ್ತಿದ್ದೆ?" ಎಂದಳು ಅತ್ತೆ. ಅಲ್ಲಿಗೆ ಆ ಮಾತು ಮುಗಿಯಿತು.

ಅಜ್ಜಿ ಮಾತ್ರ ಮಂಚದ ಮೇಲಿಂದ ನನಗೆ ಹೇಳಿದಳು, "ಕಥೇಲೂ ಹಾಗೇ ಕಣೇ. ರಾಕ್ಷಸನ ಅರಮನೆಗೆ ಹೋದವರು ಬಾಗಿಲಲ್ಲಿ ಏನಾದ್ರೂ ಬಿಟ್ಟೇ ಹೋಗ್ಬೇಕು. ಬಿಟ್ಟಿದ್ದು ಹಾಗೇ ವಾಪಸ್ ಸಿಗಲ್ಲ."

ಅಜ್ಜಿಯ ಬಾಯಿ ಸುಳ್ಳಾಡದು. ಮರುದಿನದಿಂದಲೇ ಬಿಟ್ಟದ್ದು ವಾಪಸ್ ಸಿಗದಾಯಿತು.

ಒಳಗಿನ ಬೆರಗಿನಲ್ಲಿ ಮುಳುಗೆದ್ದು ಬಂದವರಿಗೆ ತಮ್ಮ ಹೆಸರೇ ನೆನಪಿರುವುದಿಲ್ಲ, ಚಪ್ಪಲಿ ಎಲ್ಲಿ ನೆನಪಿರಬೇಕು? ಕೈಗೆ ಚೀಲ ತುಂಬಿದೆ, ಬಗ್ಗಿ ನೋಡಲಾಗುವುದಿಲ್ಲ. ಕಾಲಿಗೆ ಸಿಕ್ಕಿದ್ದೇ ಚಪ್ಪಲಿ. ಒಬ್ಬರು ತಪ್ಪಿ ಮೆಟ್ಟಿದರೆ ಅದು ಸಂಜೆಯವರೆಗೂ ಒಬ್ಬರಿಂದ ಒಬ್ಬರಿಗೆ ಹರಿದುಕೊಂಡು ಹೋಗುತ್ತದೆ. ಶಾಲೆಯ ಹೆಡ್‌ಮೇಷ್ಟ್ರು ಹೂವಿನ ಚಪ್ಪಲಿಯಲ್ಲಿ ಶಾಲೆಗೆ ಹೋದರು. ಎರಡು ವರ್ಷದಿಂದ ಮಾತು ಬಿಟ್ಟ ವಾರಗಿತ್ತಿಯರಿಬ್ಬರು ಒಂದೊಂದು ಕಾಲು ಅದಲುಬದಲಾಗಿ, ಹಾಗಾದರೂ ಒಬ್ಬರ ಮನೆಗೊಬ್ಬರು ಹೋಗಬೇಕಾಯಿತು. ಕೊನೆಯಲ್ಲಿ ಉಳಿದವರು ಬರಿಗಾಲಲ್ಲಿ ಕಾದ ರಸ್ತೆಯ ಮೇಲೆ ಕುಣಿಯುತ್ತ ಸುತ್ತ ನೋಡಿದರೆ, ಎದುರಿಗೇ ಕಾಣುವುದು ಯಾವುದು? ಬೆಂಕಿಪೊಟ್ಟಣ. ದೊಡ್ಡಂಗಡಿಯ ಚಪ್ಪಲಿ ಓಣಿಗೆ ಹೋಗಬಹುದಿತ್ತು, ಆದರೆ ಅದಕ್ಕೆ ಮತ್ತೆ ಚೀಲ ತೋರಿಸಿ ಒಳಗೆ ಹೋಗಬೇಕು, ಮತ್ತೆ ಬಿಲ್ಲಿನ ಸಾಲಿನಲ್ಲಿ ನಿಲ್ಲಬೇಕು. ಅಷ್ಟು ಹೊತ್ತು ಕುಣಿಯಲು ಯಾರಿಗಾಗುತ್ತದೆ?

ಹಾಗೆ ಬಂದವರಿಗೆ ಮಾವ ಏನು ಹೇಳುತ್ತಿದ್ದ ಗೊತ್ತೇ? "ಇನ್ನೊಂದ್ಸಲ ಹುಡುಕಿ ನೋಡೋಣ್ವಾ? ಸುಮ್ನೆ ಯಾಕೆ ಖರ್ಚು?" ಹೇಳುವುದಷ್ಟೇ ಅಲ್ಲ, ಅಂಗಡಿ ಬಿಟ್ಟು ಅವರ ಜೊತೆ ರಸ್ತೆ ದಾಟಿ, ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹುಡುಕುತ್ತಿದ್ದ. ಸಿಕ್ಕಿದರೆ ಹಿಗ್ಗುತ್ತಿದ್ದ.

"ಅಯ್ಯೋ ದೇವರೇ, ಇವರಿಗೆ ಯಾರಾದ್ರೂ ವ್ಯಾಪಾರ ಅಂದ್ರೇನು ಅಂತ ಹೇಳಿಕೊಡ್ರಪ್ಪ!" ಎಂದು ಅತ್ತೆ ಹಣೆ ಹಣೆ ಚಚ್ಚಿಕೊಂಡಳು.

ಹುಡುಕುವುದು ಸುಲಭವಾಗಲಿ ಎಂದೇ ಮಾವ ಚಪ್ಪಲಿಯ ಪಟ್ಟಿಗೆ ಒಂದು ಮಣಿ ಹೊಲಿದುಕೊಡಲು ಶುರುಮಾಡಿದ. ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ಹಸಿರು, ಮಗುವಿಗೆ ಗೆಜ್ಜೆ. ಅದು ಹಿಡಿದುಕೊಂಡಿತು ನೋಡಿ! ದೊಡ್ಡಂಗಡಿಗೆ ಹೋಗುವ ಮೊದಲು ಮಣಿ ಹೊಲಿಸಲು ನಮ್ಮಲ್ಲಿ ಸಾಲು. ಬಂದ ಮೇಲೆ ಚಪ್ಪಲಿ ಕಳೆದುಕೊಂಡವರ ಸಾಲು. ಎರಡು ಸಾಲಿನ ನಡುವೆ ಮಾವ ಬಾಯಲ್ಲಿ ಸೂಜಿ ಕಚ್ಚಿಕೊಂಡು ಎಲ್ಲರ ಕ್ಷಮೆ ಕೇಳುತ್ತಿದ್ದ.

ಪಕ್ಕದ ಅಂಗಡಿಗಳಿಗೂ ಬೆಳಕು ಹರಿಯಿತು. ಬರಿಗಾಲು ಎಂದ ಮೇಲೆ ಹಿಮ್ಮಡಿ ಕಾಣುತ್ತದೆ. ಹಿಮ್ಮಡಿ ಕಂಡ ಮೇಲೆ ಮಾನ ಹೋಗುತ್ತದೆ. ಬ್ಯೂಟಿಪಾರ್ಲರಿನ ಅಕ್ಕ ಅಲ್ಲಿಯವರೆಗೆ ನೊಣ ಓಡಿಸುತ್ತಿದ್ದವಳು, ಸಾಲಾಗಿ ಬೋಗುಣಿಗಳಲ್ಲಿ ಬಿಸಿನೀರು ಇಟ್ಟು, "ಒಳಗೆ ಆ ದೀಪದಲ್ಲಿ ಒಂದೊಂದು ಬಿರುಕೂ ಕಾಣುತ್ತೆ ಅಮ್ಮಾ, ಆಮೇಲೆ ನನ್ನನ್ನ ಕೇಳ್ಬೇಡಿ" ಎಂದು ಹೆದರಿಸಿ ಕೂರಿಸಿಕೊಳ್ಳುತ್ತಿದ್ದಳು. ಕ್ಷೌರದವನು ಕಾಲಿನ ಉಗುರಿಗೂ ಕೈ ಹಾಕಿದ. ಒಳಗಿನ ತಣ್ಣನೆಯ ನೆಲದಲ್ಲಿ ನಡೆದು ನಡೆದು ಪಾದ ಮರಗಟ್ಟಿ ಬಂದವರಿಗೆ ಚಹಾದವನು ಲೋಟ ಕೊಡುವ ಮೊದಲು, "ಮೊದಲು ಲೋಟಾನ ಪಾದಕ್ಕೆ ಒತ್ಕೊಳ್ಳಿ, ಆಮೇಲೆ ಕುಡೀರಿ" ಎನ್ನುತ್ತಿದ್ದ. ನಮ್ಮ ಬೀದಿಗೆ ಬೀದಿಯೇ ರಾಕ್ಷಸನ ನೆರಳಿನಲ್ಲಿ ಚಿಗುರಿತು. ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಮಣಿ ಪೋಣಿಸುತ್ತ, ಮೇಲೆ ಗಾಜಿನಲ್ಲಿ ಮೋಡ ಹೋಗುವುದನ್ನೂ ಕೆಳಗೆ ಸಾವಿರ ಬರಿಗಾಲುಗಳು ಬರುವುದನ್ನೂ ನೋಡುತ್ತ, ಹೊತ್ತು ಹೋದದ್ದೇ ತಿಳಿಯದೆ ಇರುತ್ತಿದ್ದೆ. "ಏ ಕನಸುಗಣ್ಣಿ, ಕೆಂಪು ಮುಗೀತು, ಹಸಿರು ಕೊಡು" ಎಂದು ಅತ್ತೆ ತಲೆಗೆ ಮೊಟಕುತ್ತಿದ್ದಳು.

ಇಂಥ ದಿನಗಳಲ್ಲೇ ದೊಡ್ಡಂಗಡಿಯ ಮೇಲಿನ ಕಚೇರಿಯಿಂದ ಒಬ್ಬ ಹುಡುಗಿ ಬಂದಳು. ನನ್ನ ವಯಸ್ಸಿನವಳೇ, ಕೈಯಲ್ಲಿ ಹಲಗೆಯಂಥ ಮೊಬೈಲು. ಬಂದವರನ್ನೆಲ್ಲ ನಿಲ್ಲಿಸಿ ಎರಡೇ ಪ್ರಶ್ನೆ: "ನಮ್ಮಲ್ಲಿಗೆ ಬರೋ ಮೊದಲು ಎಲ್ಲಿ ಖರ್ಚು ಮಾಡಿದ್ರಿ? ಬಂದು ಹೋದ ಮೇಲೆ ಎಲ್ಲಿ ಮಾಡ್ತೀರಿ?" ಜನ ಹೊರಗೆ ಎಲ್ಲೆಲ್ಲಿ ಖರ್ಚು ಮಾಡುತ್ತಾರೋ ಅದನ್ನೆಲ್ಲ ಒಳಗೇ ಮಾಡಿಸುವುದು ಯಜಮಾನರ ಆಸೆಯಂತೆ.

ಪೆಟ್ರೋಲು, ಸಿನಿಮಾ, ಹೋಟೆಲು ಎಂದು ಉತ್ತರಗಳನ್ನು ಮೊದಲೇ ತುಂಬಿಸಿ ಕೊಟ್ಟಿದ್ದರು. ಒತ್ತಿದರೆ ಆಯಿತು. ಆದರೆ ನಮ್ಮೂರವರ ಉತ್ತರಕ್ಕೆ ಗುಂಡಿಯೇ ಇಲ್ಲ.

"ಮೊದಲು ಹಿಮ್ಮಡಿಗೆ" ಎಂದರು ಒಬ್ಬರು.

"ಯಾವುದಕ್ಕೆ?"

"ಹಿಮ್ಮಡಿಗಮ್ಮ. ಆಮೇಲೆ ಮಣಿಗೆ. ಹೋಗ್ತಾ ಚಹಾ, ಪಾದಕ್ಕೆ. ಆಮೇಲೆ ಚಪ್ಪಲಿ."

"ಚಪ್ಪಲಿ ನಮ್ಮಲ್ಲೇ ಇದೆಯಲ್ಲ?"

"ನಿಮ್ಮಲ್ಲಿ ಕಳೆಯೋದು. ಕೊಳ್ಳೋದು ಎದುರಿಗೆ."

ಅಜ್ಜಿಯನ್ನೂ ಕೇಳಿದಳು. ಅಜ್ಜಿ, "ನಾನು ಬರೋ ಮೊದಲೂ ಖರ್ಚು ಮಾಡಲ್ಲ, ಹೋದ ಮೇಲೂ ಮಾಡಲ್ಲ, ಒಳಗೂ ಮಾಡಲ್ಲ. ಆ ಬಾಗಿಲು ಮುಚ್ಚಿ ತೆರೆಯೋದು ನೋಡೋಕೆ ಬರ್ತೀನಿ" ಎಂದಳು. ಹುಡುಗಿ ಅದನ್ನೂ ಶ್ರದ್ಧೆಯಿಂದ ತುಂಬಿಸಿದಳು.

ಉತ್ತರಗಳು ಮೇಲಿನ ಕಚೇರಿಗೆ ಹೋದವು. ಅಲ್ಲಿ ಮೊದಲು ಹಲಗೆ ಕೆಟ್ಟಿದೆ ಎಂದರು. ಆಮೇಲೆ ಹುಡುಗಿ ಕೆಟ್ಟಿದ್ದಾಳೆ ಎಂದರು. ಕೊನೆಗೆ, ಖುದ್ದು ಯಜಮಾನರೇ ನೋಡಲು ಬರುತ್ತಾರೆ ಎಂದು ಸುದ್ದಿ ಬಂತು.

ನಮ್ಮ ಬೀದಿಯ ಜೀವ ಬಾಯಿಗೆ ಬಂತು. ಬರಿಗಾಲಿನ ನಿಯಮ ತೆಗೆದರೆ ಮಣಿಯೂ ಇಲ್ಲ, ಹಿಮ್ಮಡಿಯೂ ಇಲ್ಲ, ನಾವೂ ಇಲ್ಲ. ಯಜಮಾನರು ಬರುವ ದಿನವೇ ಬೆಳಿಗ್ಗೆ ಬಸ್ಸಿನಿಂದ ಬಿಳಿಯ ಮೋಡದಂತೆ ಇಳಿದವನು ಗಿರಣಿ ಭಾವ.

"ಅಣ್ಣಾ, ಈಗ ವ್ಯಾಪಾರ ಚೆನ್ನಾಗಿದೆ, ಇವರನ್ನ ಕರ್ಕೊಂಡ್ ಹೋಗೋದು ಬೇಡ್ವೇನೋ..." ಎಂದಳು ಅತ್ತೆ ಮೆಲ್ಲಗೆ.

"ನೀರಿನ ಮೇಲಿನ ಗುಳ್ಳೆ ಕಣಮ್ಮ ಇದು!" ಎಂದ ಗಿರಣಿ ಭಾವ, ಪಿಸುಮಾತಿನಲ್ಲಿ. ರಸ್ತೆಯಾಚೆಯ ಚಹಾದವನು ತಿರುಗಿ ನೋಡಿದ. "ಇವತ್ತು ಆ ಯಜಮಾನ ಒಂದು ಮಾತು ಹೇಳಿದ್ರೆ ಠುಸ್! ಹಿಟ್ಟು ಹಾಗಲ್ಲ. ಬಟ್ಟೆ ಕಟ್ಟಿಡು. ಸಂಜೆ ಬಸ್ಸಿಗೆ ಹೊರಡೋದೇ. ಅಷ್ಟರಲ್ಲಿ ನಾನೂ ಆ ಅರಮನೆ ನೋಡಿ ಬರ್ತೀನಿ, ನಡೀರಿ."

ಮಾವ ತನ್ನ ಸೂಜಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ. ಅಷ್ಟು ಮೆತ್ತಗೆ ಹಾಕಿದ ಮುಚ್ಚಳದ ಸದ್ದು ನನ್ನ ಎದೆಗೆ ಕೇಳಿತು.

ಯಜಮಾನರು ಬಂದಾಗ ಬಾಗಿಲ ಒಳಗೆ ಊರೇ ಬರಿಗಾಲಲ್ಲಿ ಎರಡು ಸಾಲಾಗಿ ನಿಂತಿತ್ತು. ಅವರು ಎತ್ತರದ ಆಳು. ಲೇಸಿಲ್ಲದ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ಬೂಟು. ಬಾಗಿಲು ತೆರೆಯಿತು. ಟಕ್. ಟಕ್. ಅವರು ಬೂಟುಗಾಲಲ್ಲೇ ಒಳಗೆ ಬಂದರು.

ಜನರೆಲ್ಲ ಒಂದೇ ಸಲ ಉಸಿರು ಎಳೆದುಕೊಂಡದ್ದಕ್ಕೆ ತೂಗುಬಿಟ್ಟ ಬೋರ್ಡುಗಳು ಅಲ್ಲಾಡಿದವು ಎಂದರೆ ನೀವು ನಂಬಬೇಕು.

"ಯಾರು ಈ ನಿಯಮ ಮಾಡಿದ್ದು?" ಎಂದರು ಯಜಮಾನರು.

"ಊರಿನ ಸಂಪ್ರದಾಯ ಸಾರ್" ಎಂದರು ಮ್ಯಾನೇಜರು.

"ನಮ್ದಾ?" ಎಂದರು ಹೆಡ್‌ಮೇಷ್ಟ್ರು. "ಅಲ್ಲ ಸ್ವಾಮಿ, ನಿಮ್ಮ ಅಂಗಡೀದು. ಬೋರ್ಡ್ ಹಾಕಿದೀರಲ್ಲ."

"ನೀವು ಬಿಚ್ಚಿದ್ರಿ ಅಂತ ಹಾಕಿದ್ದು!"

"ನೀವು ಹೇಳ್ತೀರಿ ಅಂತ ಬಿಚ್ಚಿದ್ದು!"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರನ್ನೊಬ್ಬರು ಇಷ್ಟು ದಿನ ಗೌರವಿಸಿದ್ದು ನೆನೆದು ಎರಡು ಕಡೆಯವರಿಗೂ ಸಿಟ್ಟು ಬಂತು. ಗದ್ದಲದ ನಡುವೆ ಯಾರೋ, "ಮೊದಲು ಬಿಚ್ಚಿದವನು ಚಪ್ಪಲಿ ಅಂಗಡಿಯವನು!" ಎಂದರು.

ಚಪ್ಪಲಿ ಅಂಗಡಿಯವನು! ಎಲ್ಲರ ತಲೆ ತಿರುಗಿತು. ಈ ಮನುಷ್ಯ ಇಷ್ಟೊಂದು ಜಾಣನೇ? ಬಾಗಿಲ ಕ್ಷಮೆ ಕೇಳುವವನು ಊರಿಗೇ ಬಲೆ ಬೀಸಿದನೇ? ಸಿಟ್ಟಿಗಿಂತ ಹೆಚ್ಚಾಗಿ ಅವರ ಕಣ್ಣಲ್ಲಿ ಬೆರಗೇ ಇತ್ತು. ಬ್ಯೂಟಿಪಾರ್ಲರಿನ ಅಕ್ಕ ಕೈ ಮುಗಿದೇಬಿಟ್ಟಳು.

ಅತ್ತೆ ಮಾವನ ಕಿವಿಯಲ್ಲಿ, "ಹ್ಞೂಂ ಅನ್ನಿ. ಊರಿನ ಪದ್ಧತಿ, ನಮ್ಮ ತಾತನ ಕಾಲದ್ದು ಅನ್ನಿ. ಒಂದು ಮಾತು. ನಿಮ್ಮ ಅಂಗಡಿ ಉಳಿಯುತ್ತೆ" ಎಂದಳು. ಆಚೆ ಗಿರಣಿ ಭಾವ ಎದೆಯ ಮೇಲೆ ಕೈಕಟ್ಟಿ ನಗುತ್ತಿದ್ದ.

ಮಾವ ಗಂಟಲು ಸರಿಮಾಡಿಕೊಂಡ. "ಕ್ಷಮಿಸ್ಬೇಕು. ಪದ್ಧತಿಯೂ ಅಲ್ಲ, ನಿಯಮವೂ ಅಲ್ಲ. ಆವತ್ತು ಬಾಗಿಲು ತೆಗೆದಾಗ ಒಳಗೆ ಒಬ್ಬರು ನೆಲ ಒರೆಸ್ತಾ ಇದ್ರು. ಇನ್ನೂ ಒದ್ದೆ ಇತ್ತು. ಬಗ್ಗಿ ಬಗ್ಗಿ ಒರೆಸಿದ್ದರ ಮೇಲೆ ಧೂಳಿನ ಚಪ್ಪಲಿ ಇಡೋದು ಹೇಗೆ ಅಂತ ಬಿಚ್ಚಿದೆ. ಅಷ್ಟೇ. ಬೇರೆಯವರು ಯಾಕೆ ಬಿಚ್ಚಿದ್ರೋ ನನಗೆ ಗೊತ್ತಿಲ್ಲ."

ಸದ್ದಡಗಿತು. ಆ ಸದ್ದಿಲ್ಲದ ಹೊತ್ತಿನಲ್ಲಿ ಎಲ್ಲಿಂದಲೋ ಸರ್ರ್, ಸರ್ರ್ ಎಂದು ಕೇಳಿತು. ಯಜಮಾನರ ಬೆನ್ನ ಹಿಂದೆ, ಬಾಗಿಲಿನಿಂದ ಅವರು ನಿಂತಲ್ಲಿಯವರೆಗೆ ಮೂಡಿದ್ದ ಬೂಟಿನ ಗುರುತುಗಳನ್ನು ಒಂದೊಂದಾಗಿ ಒರೆಸುತ್ತ ಒಬ್ಬ ಹೆಂಗಸು ಬರುತ್ತಿದ್ದಳು. ಇಷ್ಟು ದಿನ ನಾವೆಲ್ಲ ದೀಪ ನೋಡಿದ್ದೆವು, ಗಾಜು ನೋಡಿದ್ದೆವು, ಓಣಿ ನೋಡಿದ್ದೆವು. ಆ ಹೊಳಪನ್ನು ಮಾಡುವವಳನ್ನು ನೋಡಿರಲಿಲ್ಲ. ನಾನಂತೂ ನೆಲ ತಾನಾಗಿಯೇ ಹೊಳೆಯುತ್ತದೆ, ಮಾಯೆಯದು ಎಂದುಕೊಂಡಿದ್ದೆ.

ಅವಳು ನೆಲ ಒರೆಸುವ ಕೋಲಿಗೆ ಗಲ್ಲ ಊರಿ ನಿಂತು, "ಹೌದು ಸಾರ್, ನಾನೇ" ಎಂದಳು. "ಆವತ್ತು ಇವರೊಬ್ರೇ ನನ್ನನ್ನ ನೋಡಿದ್ದು. ಮಿಕ್ಕವರೆಲ್ಲ ಇವರನ್ನ ನೋಡಿದ್ರು."

"ಹಾಗಾದ್ರೆ ನಿಯಮ ಇಲ್ಲ!" ಎಂದು ಮ್ಯಾನೇಜರು ಉತ್ಸಾಹದಿಂದ ಸಾರಿದರು. "ಎಲ್ಲರೂ ಚಪ್ಪಲಿ ಹಾಕ್ಕೊಂಡು ಬರಬಹುದು!"

ಯಾರೂ ಅಲುಗಲಿಲ್ಲ. ನಿಯಮ ಇದ್ದಾಗ ಹೇಗೋ ಒಂದು ದಿನ ಮುರಿಯಬಹುದಿತ್ತು. ಈಗ ಆ ಹೆಂಗಸು ಎದುರಿಗೆ ನಿಂತಿದ್ದಾಳೆ. ಅವಳ ಮುಂದೆ ಚಪ್ಪಲಿಗಾಲಲ್ಲಿ ನಡೆಯುವ ಧೈರ್ಯ ಯಾರಿಗಿದೆ? ಯಜಮಾನರು ತಮ್ಮ ಕಾಲು ನೋಡಿಕೊಂಡರು. ಹಿಂದೆ ನೋಡಿದರು. ಆಮೇಲೆ ಎಡಗಾಲಿನ ಬೂಟು ಕಳಚಿದರು. ಬಲಗಾಲಿನದು ಕಳಚಿದರು. ಕಾಲುಚೀಲದ ತೂತಿನಿಂದ ಅವರ ಹೆಬ್ಬೆರಳು ಹೊರಗೆ ಬಂದು ನಮ್ಮೂರನ್ನು ನೋಡಿತು. ಇಷ್ಟು ದೊಡ್ಡ ಅರಮನೆಯ ಒಡೆಯ, ಮತ್ತು ಅವನಿಗೂ ಒಂದು ಹೆಬ್ಬೆರಳು! ನಾವು ಗಾಜು ನೋಡಿದಾಗಲೂ ಅಷ್ಟು ಬೆರಗಾಗಿರಲಿಲ್ಲ. ಮ್ಯಾನೇಜರು ಬೂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಗೂಡಿನಲ್ಲಿಟ್ಟರು.

ಗಿರಣಿ ಭಾವನಿಗೆ ಮಾತ್ರ ತಡೆಯಲಾಗಲಿಲ್ಲ. "ತಂಗೀ, ನಿನ್ನ ಗಂಡ ನನಗೆ ಬೇಡಮ್ಮ!" ಎಂದು ಇಡೀ ದೊಡ್ಡಂಗಡಿಗೆ ಕೇಳುವ ಹಾಗೆ ಪಿಸುಗುಟ್ಟಿದ. "ಬಾಯಿಗೆ ಬಂದ ತುತ್ತನ್ನ ಒರೆಸೋಳಿಗೆ ಕೊಟ್ನಲ್ಲ! ಇವನನ್ನ ಗಿರಣಿಗೆ ಕರ್ಕೊಂಡ್ ಹೋದ್ರೆ ಬೀಸೋ ಮೊದಲು ಒಂದೊಂದು ಕಾಳಿನ ಕ್ಷಮೆ ಕೇಳ್ತಾನೆ. ಇಲ್ಲೇ ಇರ್ಲಿ!" ಎಂದವನು ಸಂಜೆಯವರೆಗೂ ಕಾಯದೆ, ಸಿಕ್ಕಿದ ಬಸ್ಸಿಗೆ ದಡದಡ ಹೊರಟೇಹೋದ.

ಅತ್ತೆ ಅಳಬೇಕೋ ನಗಬೇಕೋ ತಿಳಿಯದೆ ಮಾವನ ತೋಳಿಗೆ ಚಿವುಟಿದಳು. ಮೆತ್ತಗೆ ಚಿವುಟಿದಳು.

ಯಜಮಾನರು ಎಲ್ಲ ಓಣಿಗಳನ್ನೂ ಸುತ್ತಿ, ತಣ್ಣನೆಯ ನೆಲಕ್ಕೆ ಕಾಲು ಮರಗಟ್ಟಿಸಿಕೊಂಡು ಹೊರಗೆ ಬಂದರು. ಗೂಡಿನಲ್ಲಿ ಕೈಯಿಟ್ಟರು. ಬೂಟು ಇರಲಿಲ್ಲ. ಅದರ ಜಾಗದಲ್ಲಿ ಹಿಟ್ಟು ಮೆತ್ತಿದ, ಹಿಮ್ಮಡಿ ಸವೆದ ಒಂದು ಜೊತೆ ಚಪ್ಪಲಿ.

"ಸಾರ್, ಒಳಗಿಂದ ಹೊಸದು ತರ್ತೀನಿ!" ಎಂದು ಮ್ಯಾನೇಜರು ಓಡಿದರು. ಆದರೆ ಬಿಲ್ಲಿಲ್ಲದೆ ಒಂದು ದಾರವೂ ಹೊರಗೆ ಹೋಗಬಾರದು ಎಂದು ಯಜಮಾನರೇ ಮಾಡಿದ ಕಟ್ಟಪ್ಪಣೆ. ಬಿಲ್ಲಿನ ಸಾಲು ತರಕಾರಿಯವರೆಗೆ ಬೆಳೆದಿತ್ತು. ಕಾದ ರಸ್ತೆಯ ಮೇಲೆ ಯಜಮಾನರ ಹೆಬ್ಬೆರಳು ಎಷ್ಟು ಹೊತ್ತು ಕುಣಿಯಬೇಕು? ಅವರು ಎದುರಿಗೆ ನೋಡಿದರು. ಬೆಂಕಿಪೊಟ್ಟಣ ಕಂಡಿತು.

ಯಜಮಾನರು ಒಳಗೆ ಬಂದರು. ಮಾವ ಹೊರಗೆ ಬಂದ. ಹೊರಗಿನಿಂದಲೇ ಬಗ್ಗಿ ಅವರ ಪಾದ ಹಿಡಿದು, "ಅದು ಬೇಡ ಸಾರ್, ಬೆಲೆ ಜಾಸ್ತಿ, ನಿಮ್ಮ ಹೆಬ್ಬೆರಳು ಉದ್ದ ಇದೆ, ನೋಯುತ್ತೆ. ಇದು ಹಾಕಿ" ಎಂದ. ಅವರು ಹಾಕಿ, ಎರಡು ಹೆಜ್ಜೆ ಇಡಲು ಜಾಗವಿಲ್ಲದೆ ನಿಂತಲ್ಲೇ ಕಾಲು ಎತ್ತಿ ಇಳಿಸಿ, "ಅರೇ!" ಎಂದರು. ಆ ಒಂದು ಮಾತಿಗೆ ಮಾವನ ಮುಖ ನೋಡಬೇಕಿತ್ತು ನೀವು.

"ಮಣಿ ಯಾವ ಬಣ್ಣ ಸಾರ್?"

ಯಜಮಾನರು ತುಂಬ ಯೋಚಿಸಿ, "ಕೆಂಪು" ಎಂದರು.

ಅಷ್ಟರಲ್ಲಿ ಹಲಗೆ ಹಿಡಿದ ಹುಡುಗಿ ಬಂದು ನಿಂತಳು. ಒಬ್ಬರನ್ನೂ ಬಿಡಬಾರದು ಎಂದು ಅವಳಿಗೆ ಆಜ್ಞೆ. ಹೆದರಿ ಹೆದರಿ ಕೇಳಿದಳು, "ಸಾರ್, ನಮ್ಮ ಅಂಗಡಿಗೆ ಬಂದು ಹೋದ ಮೇಲೆ... ಎಲ್ಲಿ ಖರ್ಚು ಮಾಡಿದ್ರಿ?"

ಯಜಮಾನರು ಅವಳನ್ನು ನೋಡಿದರು, ಚಪ್ಪಲಿಯನ್ನು ನೋಡಿದರು, ರಸ್ತೆಯಾಚೆ ಬಾನೆತ್ತರ ನಿಂತ ತಮ್ಮ ಗಾಜನ್ನು ನೋಡಿದರು.

"ಎದುರಿಗೆ ಅಂತ ಬರ್ಕೋ" ಎಂದರು. "ಮತ್ತೆ, ಆ ಚಹಾದವನು ಎಲ್ಲಿ? ಕಾಲು ಮರಗಟ್ಟಿದೆ."

ರಾತ್ರಿ ಊಟದ ಹೊತ್ತಿಗೆ ಗಿರಣಿ ಭಾವನ ಫೋನು. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ.

"ತಂಗೀ, ಸಿಟ್ಟಲ್ಲಿ ಯಾರದೋ ಬೂಟು ಮೆಟ್ಕೊಂಡು ಬಂದಿದೀನಿ. ಎಷ್ಟು ಮೆತ್ತಗಿದೆ ಅಂತೀಯ! ಇದನ್ನ ಹಾಕ್ಕೊಂಡು ಹಿಟ್ಟಲ್ಲಿ ನಿಲ್ಲೋಕೆ ಮನಸ್ಸು ಬರ್ಲಿಲ್ಲ, ಗಿರಣಿ ಬಾಗಿಲಲ್ಲಿ ಬಿಚ್ಚಿಟ್ಟೆ. ಈಗ ನೋಡಿದ್ರೆ ಗಿರಾಕಿಗಳೆಲ್ಲ ಯಾಕೋ ಚಪ್ಪಲಿ ಬಿಚ್ಚಿ ಒಳಗೆ ಬರ್ತಿದಾರೆ! ಕೇಳಿದ್ರೆ, ಬಿಚ್ಚದಿದ್ರೆ ಬೀಸಿ ಕೊಡಲ್ವಂತೆ ಅಂತಾರೆ!"

ಅಜ್ಜಿ ಮಂಚದ ಮೇಲೆ ಕಣ್ಣು ಮುಚ್ಚಿಕೊಂಡೇ ನಕ್ಕಳು. ಅತ್ತೆ ನಿಧಾನವಾಗಿ ತಿರುಗಿ, ಮದುವೆಯಾದಂದಿನಿಂದ ಒಮ್ಮೆಯೂ ನೋಡದ ಹಾಗೆ ಮಾವನನ್ನು ನೋಡಿದಳು.

ಮಾವ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ಫೋನಿನ ಕಡೆಗೆ ಬಗ್ಗಿ, ತುಂಬ ಸಂಕೋಚದಿಂದ ಕೇಳಿದ:

"ಕ್ಷಮಿಸಿ ಭಾವ, ಒಂದಷ್ಟು ಮಣಿ ಕಳಿಸಿಕೊಡ್ಲಾ?"